ನೀವೆಷ್ಟು ಗಟ್ಟಿ? ಉತ್ತರ ನಿಮ್ಮ ಫೋನಿನ ಕಾಲ್ ಲಿಸ್ಟ್‌ನಲ್ಲಿದೆ

ಎಲ್ಲಿದ್ದೀರ? ಬಸ್ಸಲ್ಲಾ, ಮೆಟ್ರೊದಲ್ಲಾ, ರೂಮಲ್ಲಿ ಲೈಟ್ ಆರಿಸಿ ಮಲಗಿಕೊಂಡು ಕೇಳ್ತಿದ್ದೀರಾ? ಎಲ್ಲಿದ್ರೂ ಪರವಾಗಿಲ್ಲ, ಇವತ್ತಿನ ಮಾತು ಸುಮಾರು ಹದಿನೈದು ನಿಮಿಷ. ವಿಷಯ ಏನಂದ್ರೆ, ಕಷ್ಟ ಬಂದಾಗ ನಾವು ಎಷ್ಟು ತಡೆದುಕೊಳ್ತೀವಿ, ಬಿದ್ದ ಮೇಲೆ ಹೇಗೆ ಏಳ್ತೀವಿ, ಇದನ್ನ ನಮಗೆ ನಾವೇ ಅಳೆದುಕೊಳ್ಳೋದು ಹೇಗೆ ಅನ್ನೋದು. ಇಂಗ್ಲಿಷಿನಲ್ಲಿ ಇದಕ್ಕೆ ರೆಸಿಲಿಯೆನ್ಸ್ ಅಂತಾರೆ. ಕನ್ನಡದಲ್ಲಿ ಪುಟಿದೇಳುವ ಶಕ್ತಿ ಅನ್ನಬಹುದು. ನಮ್ಮೂರ ಕಡೆ ಇನ್ನೂ ಸರಳವಾಗಿ 'ಅವನು ಗಟ್ಟಿ ಕಣಪ್ಪ' ಅಂದುಬಿಡ್ತಾರೆ.

ಈ 'ಗಟ್ಟಿ' ಅನ್ನೋ ಮಾತಿನ ಬಗ್ಗೆ ನನಗೊಂದು ತಕರಾರಿದೆ. ಅದನ್ನ ಹೇಳೋಕೆ ಮೊದಲು ನನ್ನದೇ ಒಂದು ಕತೆ ಹೇಳ್ಬೇಕು.

ಆ 47 ದಿನ

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯವನು. ಶೇಂಗಾ ಬೆಳೆಯೋ ಸೀಮೆ. ಕೆಲಸ ಸಿಕ್ಕಿದ್ದು ಬೆಂಗಳೂರಲ್ಲಿ. ಮೂರು ವರ್ಷ ಚೆನ್ನಾಗೇ ನಡೀತು. 2024ರ ಜನವರಿಯಲ್ಲಿ ಒಂದು ಮಧ್ಯಾಹ್ನ ಮೀಟಿಂಗ್ ಅಂತ ಕರೆದರು. ಹನ್ನೊಂದು ನಿಮಿಷದ ವಿಡಿಯೊ ಕಾಲ್. ಅದು ಮುಗಿಯೋಷ್ಟರಲ್ಲಿ ನನ್ನ ಲ್ಯಾಪ್‌ಟಾಪಿನ ಲಾಗಿನ್ ಕೆಲಸ ಮಾಡ್ತಿರಲಿಲ್ಲ. ಕಂಪನಿ ಹೆಸರು ಬೇಡ, ಅದು ಇವತ್ತಿನ ವಿಷಯ ಅಲ್ಲ.

ಆವತ್ತು ಸಂಜೆ ನಾನು ಅಳಲಿಲ್ಲ. ಪಿಜಿಗೆ ಬಂದು, ಊಟ ಮಾಡಿ, ಅಮ್ಮನಿಗೆ ಫೋನ್ ಮಾಡಿ 'ಎಲ್ಲ ಚೆನ್ನಾಗಿದೆ' ಅಂದೆ. ಮಾರನೇ ದಿನಾನೂ ಅದನ್ನೇ ಅಂದೆ. ಹಿಂದಿನ ಮುಂಗಾರು ಕೈಕೊಟ್ಟಿತ್ತು, 2023ರ ಬರ ನಿಮಗೆ ನೆನಪಿರಬಹುದು. ಮನೆಯಲ್ಲಿ ಶೇಂಗಾ ಕೈಗೆ ಬಂದಿರಲಿಲ್ಲ. ತಮ್ಮನ ಕಾಲೇಜು ಫೀಸು ಬಾಕಿ ಇತ್ತು. 'ಫೀಸು ನಾನು ಕಟ್ತೀನಿ, ನೀವು ತಲೆ ಕೆಡಿಸ್ಕೋಬೇಡಿ' ಅಂತ ಸಂಕ್ರಾಂತಿಗೆ ಊರಿಗೆ ಹೋದಾಗ ನಾನೇ ಹೇಳಿ ಬಂದಿದ್ದೆ. ಈಗ ಹೇಗೆ ಹೇಳೋದು? ಅವರಿಗೇ ಇರೋ ಕಷ್ಟ ಸಾಲದಾ?

ಹಾಗಾಗಿ ಯಾರಿಗೂ ಹೇಳಲಿಲ್ಲ. ನಾನು ಗಟ್ಟಿ, ನಾನೇ ನಿಭಾಯಿಸ್ತೀನಿ ಅಂದ್ಕೊಂಡೆ. ಹನ್ನೆರಡನೇ ದಿನ, ರಾತ್ರಿ ನಿದ್ದೆ ಬರದೆ ಮೊಬೈಲ್ ಉಜ್ಜುತ್ತಾ ಇದ್ದಾಗ ರೆಸಿಲಿಯೆನ್ಸ್ ಅಳೆಯೋ ಒಂದು ಪ್ರಶ್ನಾವಳಿ ಸಿಕ್ತು. ತುಂಬಿದೆ. 30ಕ್ಕೆ 26 ಬಂತು. 'ಹೆಚ್ಚು' ಅನ್ನೋ ಸಾಲಿಗೆ ಸೇರೋ ಅಂಕ. ಖುಷಿಯಾಯ್ತು, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಆ ಸ್ಕ್ರೀನ್‌ಶಾಟ್ ತೆಗೆದ ಹೊತ್ತಿಗೆ ನಾನು ಸ್ನಾನ ಮಾಡಿ ನಾಲ್ಕು ದಿನ ಆಗಿತ್ತು.

ಆ ಪ್ರಶ್ನಾವಳಿ ಕೆಟ್ಟದ್ದಲ್ಲ

ಈಗ ಆ ಪ್ರಶ್ನಾವಳಿ ಏನು ಅಂತ ಹೇಳ್ಬಿಡ್ತೀನಿ. ಅದರ ಹೆಸರು ಬ್ರೀಫ್ ರೆಸಿಲಿಯೆನ್ಸ್ ಸ್ಕೇಲ್. ಬ್ರೂಸ್ ಸ್ಮಿತ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು. ಬರೀ ಆರು ವಾಕ್ಯ. ಕಷ್ಟ ಆದ ಮೇಲೆ ಬೇಗ ಮೊದಲಿನ ಹಾಗಾಗ್ತೀನಾ, ಇಲ್ಲಾ ಎಳೆದಾಡ್ತೀನಾ ಅನ್ನೋದರ ಸುತ್ತಲೇ ಆರೂ ವಾಕ್ಯ ಇರುತ್ತೆ. ಮೂರು ನೇರವಾಗಿ ಕೇಳ್ತವೆ, ಮೂರು ಉಲ್ಟಾ ಕೇಳ್ತವೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಉಲ್ಟಾ ವಾಕ್ಯಗಳ ಅಂಕ ತಿರುವಿ ಹಾಕಿ, ಎಲ್ಲ ಕೂಡಿಸಿ, ಆರರಿಂದ ಭಾಗಿಸಬೇಕು. 3ಕ್ಕಿಂತ ಕಡಿಮೆ ಬಂದ್ರೆ ಕಡಿಮೆ, 3ರಿಂದ 4.30ರವರೆಗೆ ಸಾಮಾನ್ಯ, ಅದಕ್ಕಿಂತ ಮೇಲೆ ಹೆಚ್ಚು. ನನ್ನದು 4.33. ಜಗತ್ತಿನ ಅನೇಕ ಕಡೆ ಬಳಸೋ, ಪರೀಕ್ಷೆ ಮಾಡಿ ನೋಡಿದ ಸಾಧನ ಅದು. ಇದಕ್ಕೂ ಮೊದಲು, 2003ರಲ್ಲಿ, ಕಾನರ್ ಮತ್ತು ಡೇವಿಡ್ಸನ್ ಅನ್ನೋರು ಮಾಡಿದ 25 ವಾಕ್ಯಗಳ ಇನ್ನೊಂದು ಸ್ಕೇಲ್ ಕೂಡ ಇದೆ.

ಹಾಗಾದ್ರೆ ತಪ್ಪು ಎಲ್ಲಾಯ್ತು? ತಪ್ಪು ನನ್ನದು. 'ನಾನು ಬೇಗ ಚೇತರಿಸ್ಕೊಳ್ತೀನಾ' ಅಂತ ಅದು ಕೇಳಿತು. ನಾನು 'ಚೇತರಿಸ್ಕೊಳ್ಳೋ ಅಂಥವನಾಗಿರಬೇಕು' ಅನ್ನೋ ಆಸೆಗೆ ಅಂಕ ಕೊಟ್ಟೆ. ಇಂಥ ಪ್ರಶ್ನಾವಳಿಗಳೆಲ್ಲ ನಮ್ಮ ಬಗ್ಗೆ ನಾವೇ ಹೇಳಿದ್ದನ್ನ ನಂಬ್ತವೆ. ನಾವು ನಮಗೇ ಸುಳ್ಳು ಹೇಳ್ತಿದ್ರೆ ಅವು ತಾನೇ ಏನು ಮಾಡ್ತವೆ? ಉಲ್ಟಾನೂ ಆಗಬಹುದು. ಬೆಳಿಗ್ಗೆಯಿಂದ ಮನಸ್ಸು ಕೆಟ್ಟಿದ್ದ ದಿನ ತುಂಬಿದ್ರೆ, ಜೀವನದಲ್ಲಿ ನಾನು ಯಾವುದರಿಂದಲೂ ಎದ್ದೇ ಇಲ್ಲ ಅನ್ನಿಸುತ್ತೆ, ಅಂಕ ನೆಲಕ್ಕೆ ಬೀಳುತ್ತೆ.

ಅದಕ್ಕೇ ನಾನು ಹೇಳೋದಿಷ್ಟು. 'ನಾನು ಎಂಥವನು' ಅಂತ ಕೇಳ್ಕೋಬೇಡಿ. 'ನಾನು ಏನು ಮಾಡಿದೆ, ಎಷ್ಟನೇ ದಿನ ಮಾಡಿದೆ' ಅಂತ ಕೇಳ್ಕೊಳ್ಳಿ. ಗುಣದ ಬಗ್ಗೆ ಸುಳ್ಳು ಹೇಳ್ಕೊಳ್ಳೋದು ಸುಲಭ, ದಿನದ ಲೆಕ್ಕದಲ್ಲಿ ಕಷ್ಟ. ಯಾಕಂದ್ರೆ ಅದಕ್ಕೆ ಸಾಕ್ಷಿ ನಿಮ್ಮ ಜೇಬಲ್ಲೇ ಇದೆ. ಕಾಲ್ ಲಿಸ್ಟ್, ಯುಪಿಐ ಹಿಸ್ಟರಿ, ವಾಟ್ಸ್‌ಆ್ಯಪ್, ಹೆಜ್ಜೆ ಎಣಿಸೋ ಆ್ಯಪ್. ಎಲ್ಲ ತಾರೀಕಿನ ಸಮೇತ ಅಲ್ಲೇ ಕೂತಿದೆ.

ಐದು ಪ್ರಶ್ನೆ

ಸರಿ, ಮಾಡೋದು ಹೇಗೆ? ಕಳೆದ ಎರಡು ಮೂರು ವರ್ಷದಲ್ಲಿ ನಿಮಗೆ ಬಿದ್ದ ಒಂದು ನಿಜವಾದ ಪೆಟ್ಟು ಆರಿಸ್ಕೊಳ್ಳಿ. ಪರೀಕ್ಷೆ ಫೇಲಾಗಿದ್ದು, ಬ್ರೇಕಪ್, ಮನೆಯಲ್ಲಿ ಒಬ್ಬರು ಹೋಗಿದ್ದು, ಕೆಲಸ ಹೋಗಿದ್ದು, ಯಾವುದಾದ್ರೂ ಆಗಬಹುದು. ಈಗ ನಡೀತಿರೋದು ಬೇಡ, ಸ್ವಲ್ಪ ಹಳೇದಾಗಿರಲಿ. ನೋಟ್ಸ್ ಆ್ಯಪ್ ತೆಗೀರಿ. ಐದು ಸಾಲು ಬರೀರಿ. ನನ್ನ ಉತ್ತರಗಳನ್ನೂ ಜೊತೆಗೆ ಹೇಳ್ತೀನಿ, ಮುಚ್ಚುಮರೆ ಇಲ್ಲ.

ಒಂದು. ದಿನಚರಿ ವಾಪಸ್ ಬಂದಿದ್ದು ಎಷ್ಟನೇ ದಿನ? ನಿದ್ದೆ, ಊಟ, ಸ್ನಾನ, ಮನೆಯಿಂದ ಹೊರಗೆ ಕಾಲಿಡೋದು, ಈ ನಾಲ್ಕನ್ನ ನೋಡಿ. ದುಃಖ ಹೋಯ್ತಾ ಅಂತ ಕೇಳ್ತಿಲ್ಲ. ದುಃಖ ಇದ್ರೂ ಹೊತ್ತಿಗೆ ಸರಿಯಾಗಿ ಅನ್ನ ಹೊಟ್ಟೆಗೆ ಹೋಯ್ತಾ? ನಂದು 50 ದಿನ ದಾಟಿತ್ತು.

ಎರಡು. ನಡೆದದ್ದನ್ನ ನಡೆದ ಹಾಗೇ ಒಬ್ಬರಿಗೆ ಹೇಳಿದ್ದು ಎಷ್ಟನೇ ದಿನ? 'ಸ್ವಲ್ಪ ಟೆನ್ಶನ್ನು' ಅನ್ನೋದು ಲೆಕ್ಕಕ್ಕಿಲ್ಲ. 'ನನ್ನ ಕೆಲಸ ಹೋಯ್ತು' ಅಂತ ಪೂರ್ತಿ ವಾಕ್ಯ. ಕಾಲ್ ಲಿಸ್ಟ್ ತೆಗೆದು ನೋಡಿ. ನಂದು 47ನೇ ದಿನ.

ಮೂರು. ನನ್ನ ಕೈಯಲ್ಲಿ ಇರೋದು, ಇಲ್ಲದಿರೋದು ಬೇರೆ ಮಾಡಿದ್ದು ಯಾವಾಗ? ಕಂಪನಿ ಯಾಕೆ ನನ್ನನ್ನೇ ತೆಗೀತು ಅನ್ನೋದು ನನ್ನ ಕೈಯಲ್ಲಿ ಇರಲಿಲ್ಲ. ಪಿಎಫ್ ವಿಚಾರಿಸೋದು, ರೆಸ್ಯೂಮೆ ತಿದ್ದೋದು, ಪಿಜಿ ಓನರ್ ಹತ್ರ ಬಾಡಿಗೆಗೆ ಟೈಮ್ ಕೇಳೋದು ನನ್ನ ಕೈಯಲ್ಲಿತ್ತು. ಮೊದಲ ಒಂದು ತಿಂಗಳು ನಾನು ಯೋಚಿಸಿದ್ದೆಲ್ಲ ಮೊದಲನೇದರ ಬಗ್ಗೆ.

ನಾಲ್ಕು. ನನಗೆ ನಾನೇ ಏನು ಹೇಳ್ಕೊಂಡೆ? 'ಹೀಗಾಯ್ತು' ಅಂತಾನಾ, 'ನಾನಿರೋದೇ ಹೀಗೆ' ಅಂತಾನಾ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. 'ಈ ಸಲ ಫೇಲಾದೆ' ಅಂದ್ರೆ ಮುಂದಿನ ಸಲ ಅಂತ ಒಂದು ಇದೆ. 'ನಾನು ಫೇಲ್' ಅಂದುಬಿಟ್ರೆ ಮುಂದಿನ ಸಲ ಅನ್ನೋದೇ ಇಲ್ಲ. ಆಗ ಬರೆದ ಮೆಸೇಜುಗಳು, ಹಾಕಿದ ಸ್ಟೇಟಸ್ಸುಗಳು ಸಿಕ್ಕಿದ್ರೆ ಓದಿ ನೋಡಿ, ಗೊತ್ತಾಗುತ್ತೆ.

ಐದು. ಆಗ ನನ್ನ ಬೆನ್ನಿಗೆ ಏನಿತ್ತು? ಎಷ್ಟು ತಿಂಗಳ ಖರ್ಚಿಗೆ ದುಡ್ಡಿತ್ತು, ತಲೆ ಮೇಲೆ ಸೂರಿತ್ತಾ, ಮೈಯಲ್ಲಿ ಆರೋಗ್ಯ ಇತ್ತಾ, 'ಬಾ ನಮ್ಮನೇಲಿರು' ಅನ್ನೋರು ಎಷ್ಟು ಜನ? ಇದು ಬಹಳ ಮುಖ್ಯ. ಆರು ತಿಂಗಳ ಉಳಿತಾಯ ಇರೋನು ಕೆಲಸ ಕಳೆದುಕೊಂಡು ನಗುತ್ತಾ ಓಡಾಡೋದಕ್ಕೂ, ಕೈಯಲ್ಲಿ ಎರಡು ಸಾವಿರ ಇರೋನು ಒದ್ದಾಡೋದಕ್ಕೂ ಇರೋ ವ್ಯತ್ಯಾಸ ಬರೀ ಮನೋಬಲದ್ದಲ್ಲ.

ಐದೂ ಬರೆದ ಮೇಲೆ ಕೊನೇ ಕೆಲಸ ಒಂದಿದೆ. ಆ ಸಮಯದಲ್ಲಿ ನಿಮ್ಮನ್ನ ಹತ್ತಿರದಿಂದ ನೋಡಿದ ಒಬ್ಬರಿಗೆ ಇದನ್ನ ತೋರಿಸಿ. 'ಇದು ಸರಿನಾ? ನೀನು ನೋಡಿದ್ದು ಹೀಗೇನಾ?' ಅಂತ ಕೇಳಿ. ನಾನು ರೂಮ್‌ಮೇಟ್‌ಗೆ ತೋರಿಸಿದೆ. ಅವನು ಓದಿ, 'ಕರ್ಟನ್ ವಿಷಯ ಬರೆದಿಲ್ವಲ್ಲೋ' ಅಂದ. ನನಗೆ ನೆನಪೇ ಇರಲಿಲ್ಲ. ಒಂದೂವರೆ ತಿಂಗಳು ನಾನು ರೂಮಿನ ಕರ್ಟನ್ ತೆಗೆಯೋಕೆ ಬಿಟ್ಟಿರಲಿಲ್ಲವಂತೆ.

ಅಮ್ಮನಿಗೆ ಗೊತ್ತಿತ್ತು

47ನೇ ದಿನ ಏನಾಯ್ತು ಹೇಳ್ತೀನಿ. ಫೀಸು ಕಟ್ಟೋಕೆ ಕೊನೇ ದಿನ ಮುಗಿದು ಹೋಗಿತ್ತು. ತಮ್ಮ ಫೋನ್ ಮಾಡಿ, 'ಅಮ್ಮ ಬೆಂಡೋಲೆ ಅಡ ಇಟ್ಟು ಕಟ್ಟಿದ್ಲು, ದಂಡ ಸೇರಿಸಿ' ಅಂದ. ನಾನು ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಗೊತ್ತಿತ್ತು ಬಿಡು' ಅಂದಳು. 'ಹೆಂಗೆ ಗೊತ್ತು?' ಅಂದೆ. 'ಮೊದ್ಲೆಲ್ಲ ನೀನು ಫೋನ್ ಮಾಡಿದ್ರೆ ಹಿಂದ್ಗಡೆ ಬಸ್ಸಿನ ಸದ್ದು ಇರ್ತಿತ್ತು. ಈಗ ಪಾರಿವಾಳದ ಸದ್ದು ಬರುತ್ತೆ' ಅಂದಳು.

ನಾನು ದಿನಾ ಪಿಜಿ ಟೆರೇಸಿಂದ ಫೋನ್ ಮಾಡ್ತಿದ್ದೆ.

ಆಮೇಲೆ ಆಕೆ ಬೈದಳು. ಕೆಲಸ ಹೋಗಿದ್ದಕ್ಕಲ್ಲ. 'ಮೊದಲನೇ ದಿನಾನೇ ಹೇಳಿದ್ರೆ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಾಲ ಎತ್ತಿರ್ತಿದ್ದೆ. ನೀನು ಕಳಿಸ್ತೀಯ ಅಂತ ಕಾದು ಕಾದು ಕೊನೇ ಗಳಿಗೆಯಲ್ಲಿ ಓಲೆ ಬಿಚ್ಚಬೇಕಾಯ್ತು' ಅಂದಳು. ನಾನು 'ಗಟ್ಟಿ'ಯಾಗಿ ಇದ್ದಿದ್ದರ ಖರ್ಚು ಅದು. ನನ್ನ ಜೇಬಿಂದ ಹೋಗಲಿಲ್ಲ, ಅಮ್ಮನ ಕಿವಿಯಿಂದ ಹೋಯ್ತು.

ಈಗ ಅದೇ ಐದು ಪ್ರಶ್ನೆಯಲ್ಲಿ ಅಮ್ಮನ್ನ ಅಳೆದು ನೋಡಿ. ಬರ ಬಿದ್ದು ಶೇಂಗಾ ಹೋದಾಗ ಆಕೆ ಹೊಲದ ಬದುವಲ್ಲಿ ಕೂತು ಎಲ್ಲರ ಎದುರೇ ಅತ್ತಳು. ಆಗ ನನಗೆ 'ಅಮ್ಮ ಕುಸಿದು ಹೋದಳು' ಅನ್ನಿಸಿತ್ತು. ಆದ್ರೆ ಮಾರನೇ ದಿನ ಬೆಳಿಗ್ಗೆ ಮುದ್ದೆ ಬೇಯಿಸಿದ್ಲು. ಆ ವಾರವೇ ಸ್ತ್ರೀಶಕ್ತಿ ಸಂಘದಲ್ಲಿ ವಿಷಯ ಹೇಳಿದ್ಲು. ಉದ್ಯೋಗ ಖಾತ್ರಿ ಕೆಲಸಕ್ಕೆ ಅಪ್ಪನ ಜೊತೆ ಹೋದ್ಲು. ಎರಡು ಮೇಕೆ ಮಾರಿದ್ಲು, ಬಿತ್ತನೆ ಬೀಜ ಮಾತ್ರ ಮುಟ್ಟಲಿಲ್ಲ. ಮಳೆ ಆಕೆಯ ಕೈಯಲ್ಲಿ ಇರಲಿಲ್ಲ, ಬೀಜ ಇತ್ತು. ಆ ಬೀಜವನ್ನೇ ಮುಂದಿನ ಮುಂಗಾರಿಗೆ ಬಿತ್ತಿದ್ರು.

ಅತ್ತವಳು ಎದ್ದು ನಿಂತಳು. ಅಳದೇ ಇದ್ದ ನಾನು ಕರ್ಟನ್ ಹಾಕ್ಕೊಂಡು ಬಿದ್ದಿದ್ದೆ. ಈಗ ಹೇಳಿ, ಯಾರು ಗಟ್ಟಿ?

ಅಂಕ ಕಡಿಮೆ ಬಂದ್ರೆ?

ನಿಮ್ಮ ಐದು ಸಾಲು ನೋಡಿ ಬೇಜಾರಾಗಿರಬಹುದು. ಅಂಥವರಿಗೆ ಎರಡು ಮಾತು.

ಹವಾಯಿಯ ಕಾವಾಯಿ ಅನ್ನೋ ದ್ವೀಪದಲ್ಲಿ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಅನ್ನೋ ಸಂಶೋಧಕಿಯರು 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದರು. ಇವರಲ್ಲಿ ಸುಮಾರು ಮೂರನೇ ಒಂದು ಭಾಗದ ಮಕ್ಕಳದ್ದು ತುಂಬಾ ಕಷ್ಟದ ಬಾಲ್ಯ. ಬಡತನ, ಮನೆಯಲ್ಲಿ ಜಗಳ, ಕುಡಿತ, ತಂದೆ ತಾಯಿಯ ಕಾಯಿಲೆ. ಆ ಕಷ್ಟದ ಗುಂಪಿನಲ್ಲೂ ಮೂವರಲ್ಲಿ ಒಬ್ಬರು ಚೆನ್ನಾಗಿ ಬೆಳೆದು ದೊಡ್ಡವರಾದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಏನು ಗೊತ್ತಾ? ಅವರನ್ನ ನೆಚ್ಚಿಕೊಂಡ ಒಬ್ಬ ದೊಡ್ಡವರು. ಅಜ್ಜಿಯೋ, ಅತ್ತೆಯೋ, ಟೀಚರೋ, ಪಕ್ಕದ ಮನೆಯವರೋ. ಇನ್ನೂ ಒಂದು ವಿಷಯ, ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲೂ ಹೆಚ್ಚಿನವರು 40ರ ಹೊತ್ತಿಗೆ ಬದುಕನ್ನ ನೇರ ಮಾಡಿಕೊಂಡಿದ್ದರು. ಅಂದ್ರೆ 18ನೇ ವಯಸ್ಸಿನ ಅಂಕಪಟ್ಟಿ ಕೊನೇದಲ್ಲ.

ಇದು ಮೊದಲನೇ ಮಾತು. ಎರಡನೇದು ಆ್ಯನ್ ಮಾಸ್ಟನ್ ಅನ್ನೋ ಮನಶ್ಶಾಸ್ತ್ರಜ್ಞೆಯದ್ದು. ಮಕ್ಕಳ ಚೇತರಿಕೆ ಬಗ್ಗೆ 2001ರಲ್ಲಿ ಅವರು ಬರೆದ ಪ್ರಬಂಧಕ್ಕೆ ಇಟ್ಟ ಹೆಸರಿನ ಅರ್ಥವೇ 'ಸಾಮಾನ್ಯ ಜಾದೂ' ಅಂತ. ಪುಟಿದೇಳೋದಕ್ಕೆ ಅಸಾಮಾನ್ಯ ಶಕ್ತಿ ಬೇಕಿಲ್ಲ, ನೆಂಟಸ್ತಿಕೆ, ಕಲಿಕೆ, ನಿತ್ಯದ ಬದುಕಿನ ಸಾಮಾನ್ಯ ಸಂಗತಿಗಳೇ ಆ ಕೆಲಸ ಮಾಡ್ತವೆ ಅನ್ನೋದು ಅವರ ವಾದ.

ಹಾಗಾಗಿ ಐದರಲ್ಲಿ ತೀರಾ ಕೆಳಗಿರೋ ಒಂದೇ ಸಾಲು ಆರಿಸ್ಕೊಳ್ಳಿ. ಅದೊಂದನ್ನೇ ರಿಪೇರಿ ಮಾಡಿ, ಅದೂ ಕಷ್ಟ ಇಲ್ಲದ ಈ ದಿನಗಳಲ್ಲೇ. ಐದನೇ ಸಾಲು ಕಡಿಮೆ ಇದ್ರೆ ತಿಂಗಳಿಗೆ ಐನೂರಾದ್ರೂ ಬೇರೆ ಅಕೌಂಟಿಗೆ ಹಾಕಿಡಿ. ನಂದು ಎರಡನೇ ಸಾಲು. ನಾನೂ ರೂಮ್‌ಮೇಟೂ ಒಂದು ಒಪ್ಪಂದ ಮಾಡ್ಕೊಂಡಿದ್ದೀವಿ, 'ಮೂರನೇ ದಿನದ ಫೋನ್' ಅಂತ. ಏನೇ ಆಗಲಿ, ಮೂರು ದಿನದೊಳಗೆ ಇನ್ನೊಬ್ಬನಿಗೆ ಪೂರ್ತಿ ವಾಕ್ಯದಲ್ಲಿ ಹೇಳ್ಬೇಕು. ಪರಿಹಾರ ಕೇಳೋ ಹಾಗಿಲ್ಲ, ಉಪದೇಶ ಕೊಡೋ ಹಾಗಿಲ್ಲ. ಹೇಳ್ಬೇಕು, ಅವನು ಕೇಳಿಸ್ಕೋಬೇಕು, ಅಷ್ಟೆ. ಕಳೆದ ವರ್ಷ ಅಪ್ಪನಿಗೆ ಹುಷಾರು ತಪ್ಪಿ ಆಸ್ಪತ್ರೆ ಸೇರಿದಾಗ ನಾನು ಮೂರು ದಿನ ಕಾಯಲಿಲ್ಲ, ಆವತ್ತು ರಾತ್ರಿಯೇ ಫೋನ್ ಮಾಡಿದೆ. ಭಯ ಅಷ್ಟೇ ಇತ್ತು. ಆದ್ರೆ ಬೆಳಿಗ್ಗೆ ಆಸ್ಪತ್ರೆ ಕ್ಯಾಂಟೀನಲ್ಲಿ ಇಡ್ಲಿ ತಿಂದೆ. ಮೊದಲನೇ ಸಾಲಿನಲ್ಲಿ ನಾನು ಬರೆದ ಅಂಕೆ 1.

ಇದು ಮನೇಲಿ ಅಳೆಯೋದಲ್ಲ

ಮುಗಿಸೋಕೆ ಮುಂಚೆ ಒಂದು ಗಂಭೀರ ಮಾತು. ಪೆಟ್ಟು ಬಿದ್ದ ಮೇಲೆ ಹೆಚ್ಚಿನವರು ತಮ್ಮಷ್ಟಕ್ಕೆ ತಾವು ನಿಭಾಯಿಸ್ತಾರೆ, ಕೆಲವರಿಗೆ ನಿಧಾನ ಆಗುತ್ತೆ, ಇನ್ನು ಕೆಲವರಿಗೆ ಸಹಾಯ ಇಲ್ಲದೆ ಆಗೋದೇ ಇಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಬೊನಾನೊ ಇಂಥ ಬೇರೆ ಬೇರೆ ದಾರಿಗಳನ್ನ ಹಲವು ವರ್ಷ ಅಧ್ಯಯನ ಮಾಡಿದ್ದಾರೆ. ಮೂರನೇ ದಾರಿಯಲ್ಲಿ ಇರೋರು ದುರ್ಬಲರು ಅಂತ ಅಲ್ಲ. ಕಾಲು ಮುರಿದವನಿಗೆ ಯಾರೂ 'ಗಟ್ಟಿಯಾಗು' ಅನ್ನಲ್ಲ, ಪಟ್ಟಿ ಕಟ್ಟಿಸ್ತಾರೆ.

ಎರಡು ವಾರ ಬಹುತೇಕ ಪ್ರತಿದಿನ ಮನಸ್ಸು ಕುಸಿದೇ ಇದ್ರೆ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದ್ರೆ, ನಿದ್ದೆ ಊಟ ಕೆಟ್ಟಿದ್ರೆ, ಪ್ರಶ್ನಾವಳಿ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗಿ. ಬದುಕೋದೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದ್ರೂ ಸಾಕು, ಎರಡು ವಾರ ಕಾಯಬೇಡಿ, ಈಗಲೇ ಫೋನ್ ಮಾಡಿ. 14416. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯ್ತು, ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಇನ್ನೊಂದು ಸಲ ಹೇಳ್ತೀನಿ: 1, 4, 4, 1, 6. ಈಗ ಬೇಕಿಲ್ಲದಿದ್ರೂ ಸೇವ್ ಮಾಡ್ಕೊಳ್ಳಿ, ನಿಮಗಲ್ಲದಿದ್ರೆ ನಿಮ್ಮ ರೂಮ್‌ಮೇಟ್‌ಗೆ ಬೇಕಾಗಬಹುದು.

ನನ್ನ ಕತೆ ಏನಾಯ್ತು ಅಂತೀರಾ? ಜೂನ್ ಹೊತ್ತಿಗೆ ಬೇರೆ ಕೆಲಸ ಸಿಕ್ತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಮೂರನೇ ಸಂಬಳದಲ್ಲಿ ಅಮ್ಮನ ಬೆಂಡೋಲೆ ಬಿಡಿಸ್ಕೊಟ್ಟೆ. ಆ 4.33ರ ಸ್ಕ್ರೀನ್‌ಶಾಟ್ ಇನ್ನೂ ಫೋನಲ್ಲಿದೆ. ಡಿಲೀಟ್ ಮಾಡಿಲ್ಲ.

ಈಗ ಇಯರ್‌ಫೋನ್ ತೆಗೀರಿ, ಕಾಲ್ ಲಿಸ್ಟ್ ನೋಡಿ. 'ಎಲ್ಲ ಚೆನ್ನಾಗಿದೆ' ಅಂತ ನೀವು ಸುಮ್ಮನೆ ಹೇಳ್ತಾ ಬಂದಿರೋ ಒಂದು ನಂಬರ್ ಅಲ್ಲಿರುತ್ತೆ. ಇವತ್ತು ಅವರಿಗೆ ಒಂದು ಪೂರ್ತಿ ವಾಕ್ಯ ಹೇಳಿ.